ಬಾಯಿ ಬಿಡದವನ ಜೊತೆ ವ್ಯಾಪಾರ

ಕುರ್ಚಿಗಳ ದರ ಹೇಳಿ ಮುಗಿಸಿದ್ದೇ ಪುಟ್ಟಿ ಒಂದು ಬಿಸ್ಕತ್ತು ಎತ್ತಿ ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಹಸಿವಿಗಲ್ಲ. ಬಾಯಿ ಖಾಲಿ ಇದ್ದರೆ ಬೇಡದ ಮಾತು ಹೊರಗೆ ಬಿದ್ದೀತು ಎಂಬ ಭಯಕ್ಕೆ.

ಮೇಜಿನ ಆಚೆ ಕೂತಿದ್ದವನು ಪರದೇಶದ ಕಂಪನಿಯ ಖರೀದಿ ಮ್ಯಾನೇಜರು. ತಾಯಿ ಈ ಕಡೆಯವರಾದ್ದರಿಂದ ಅವನಿಗೆ ಇಲ್ಲಿನ ಭಾಷೆ ಚೆನ್ನಾಗಿ ಬರುತ್ತಿತ್ತು, ಆಡುತ್ತಿರಲಿಲ್ಲ, ಅಷ್ಟೇ. ಕುರ್ಚಿ ಕಾರ್ಖಾನೆಯ ಜನ ಅವನಿಗೆ ಮೌನಿಸ್ವಾಮಿ ಎಂದು ಹೆಸರಿಟ್ಟು ವರ್ಷವಾಗಿತ್ತು.

ಅವನ ಕಂಪನಿಯ ಪದ್ಧತಿ ಅದು. ಎದುರಿನವರು ಮುಖ್ಯವಾದದ್ದೇನಾದರೂ ಹೇಳಿದರೆ ತಕ್ಷಣ ಉತ್ತರ ಕೊಡಬಾರದು, ಕೊಟ್ಟರೆ ಅವರ ಮಾತನ್ನು ಹಗುರವಾಗಿ ಕಂಡಂತೆ. ಪುಟ್ಟಿಯ ಅಪ್ಪ, ಅಂದರೆ ಕಾರ್ಖಾನೆಯ ಯಜಮಾನರು, ಬೆಳೆದ ಸಂತೆಯೇ ಬೇರೆ. ಅಲ್ಲಿ ಗಿರಾಕಿ ಸುಮ್ಮನಾದ ಎಂದರೆ ಎದ್ದು ಹೊರಟ ಎಂದೇ ಅರ್ಥ. ಕಳೆದ ವರ್ಷ ಇದೇ ಕೋಣೆಯಲ್ಲಿ ಮೌನಿಸ್ವಾಮಿ ಗೌರವದಿಂದ ಸುಮ್ಮನೆ ಕೂತ. ಅಪ್ಪ ಹೆದರಿ ದರ ಇಳಿಸಿದರು. ಅವನು ಇನ್ನಷ್ಟು ಗೌರವದಿಂದ ಸುಮ್ಮನಾದ. ಅಪ್ಪ ಇನ್ನಷ್ಟು ಇಳಿಸಿ, ಹಡಗಿನ ಖರ್ಚನ್ನೂ ತಮ್ಮ ತಲೆಗೇ ಕಟ್ಟಿಕೊಂಡರು. ವರ್ಷವಿಡೀ ಕುರ್ಚಿ ಮಾಡಿ ಕೈಸುಟ್ಟುಕೊಂಡ ಮೇಲೆ ವ್ಯಾಪಾರದ ಮಾತು ಮಗಳ ಪಾಲಿಗೆ ಬಂತು.

ಈಗಲೂ ಅಪ್ಪ ಮೇಜಿನ ಕೆಳಗೆ ಅವಳ ಕಾಲು ತುಳಿದರು.

"ಸ್ವಲ್ಪ ಬಿಡೋಣ ಕಣೇ ಪುಟ್ಟಿ. ಬೆಳಗ್ಗೆಯಿಂದ ಅವರ ದೇಶದ ದುಡ್ಡಿನ ಬೆಲೆ ಬೀಳ್ತಾ ಇದೆ. ನಮ್ಮ ಕುರ್ಚಿ ಅವರಿಗೆ ತುಟ್ಟಿ ಆಗತ್ತೆ," ಎಂದು ಪಿಸುಗುಟ್ಟಿದರು, ಇಡೀ ಕೋಣೆಗೆ ಕೇಳುವ ಹಾಗೆ.

"ಮರದ ಬೆಲೆ ಏರ್ತಾ ಇದೆ. ಸುಮ್ನಿರಪ್ಪ," ಎಂದಳು ಬಿಸ್ಕತ್ತಿನ ಸಮೇತ.

ಮೌನಿಸ್ವಾಮಿ ತಲೆಯೆತ್ತಿದ. ಅವನ ಕಣ್ಣು ಅವಳ ಗಲ್ಲದ ಮೇಲೆ ನಿಂತಿತು. ಬೆರಳಿನಿಂದ ತನ್ನ ಗಲ್ಲ ಮುಟ್ಟಿ ತೋರಿಸಿದ. ಬಿಸ್ಕತ್ತಿನ ಪುಡಿ! ಅವಳು ಬಲಗಡೆ ಒರೆಸಿಕೊಂಡಳು. ಅವನು ಅಲ್ಲ ಎಂಬಂತೆ ಕಣ್ಣಲ್ಲೇ ಎಡಗಡೆ ತೋರಿಸಿದ. ಅವಳ ಕಿವಿ ಬಿಸಿಯಾಯಿತು.

"ಆಗಲಿ. ದರ ನ್ಯಾಯವಾಗಿದೆ," ಎಂದ ಕೊನೆಗೆ.

ಅಪ್ಪ ಕೂತ ಕುರ್ಚಿಯಿಂದ ಜಾರಿದರು. ತಮ್ಮದೇ ಕಾರ್ಖಾನೆಯ ಮಾಲು, ಬೈಯುವ ಹಾಗೂ ಇರಲಿಲ್ಲ.

ಪುಟ್ಟಿಗೆ ಕುಣಿದಾಡುವಷ್ಟು ಖುಷಿಯಾಯಿತು, ಬೆನ್ನಲ್ಲೇ ಇನ್ನೊಂದು ಯೋಚನೆ ಕೊರೆಯಿತು. ಸಹಿ ಬಿದ್ದರೆ ಇವನಿಗೆ ಇಲ್ಲೇನು ಕೆಲಸ? ನಾಳೆಯೇ ವಿಮಾನ ಹತ್ತುತ್ತಾನೆ. ಮಾಲು ನೋಡಲು ಬಂದಾಗಲೆಲ್ಲ ಅವನು ಕುರ್ಚಿಗಳ ಮೇಲೆ ಒಂದೊಂದಾಗಿ ಕೂತು ಪರೀಕ್ಷಿಸುತ್ತಿದ್ದ, ಅವಳು ಪಕ್ಕದಲ್ಲಿ ನಿಂತು ವಟವಟ ಮಾತಾಡುತ್ತಿದ್ದಳು. ಮನೆಯಲ್ಲಿ ಅವಳ ಮಾತು ಮುಗಿಯುವ ತನಕ ಕಾದವರೇ ಇಲ್ಲ. ಇವನು ಕಾಯುತ್ತಿದ್ದ. ಮುಗಿದ ಮೇಲೂ ಕಾಯುತ್ತಿದ್ದ, ಇನ್ನೇನಾದರೂ ಉಳಿದಿದೆಯೇನೋ ಎಂದು. ಅವಳು ಸೋತದ್ದು ಅಲ್ಲೇ.

ಮರುದಿನ ಕಾರ್ಖಾನೆಯ ಗೇಟಿನಲ್ಲಿ ಟ್ಯಾಕ್ಸಿ ಬಂದು ನಿಂತಿತ್ತು. ಪ್ಯಾಕ್ ಮಾಡಿದ ಕುರ್ಚಿಗಳ ರಾಶಿಯ ಪಕ್ಕ ಪುಟ್ಟಿ ಅವನನ್ನು ತಡೆದಳು.

"ನಿಮ್ಮ ಕಂಪನಿ ಈ ಊರಲ್ಲಿ ಆಫೀಸ್ ತೆರೀಬೇಕೋ ಬೇಡವೋ ಅನ್ನೋದು ನಿಮ್ಮ ಕೈಲಿದೆಯಂತೆ. ತೆರೀರಿ. ನೀವೇ ಬಂದು ಇಲ್ಲಿರಿ. ಕುರ್ಚಿಗೋಸ್ಕರ ಅಲ್ಲ." ಪಕ್ಕದ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನನಗೆ ನೀವು ಇಷ್ಟ. ಮದುವೆ ಆಗೋಣ."

ಮೌನಿಸ್ವಾಮಿ ಬ್ಯಾಗು ಕೆಳಗಿಟ್ಟ. ಅವಳ ಮುಖವನ್ನೇ ನೋಡುತ್ತ ಸುಮ್ಮನೆ ನಿಂತ.

ಮೌನಕ್ಕೆ ಹೆದರಬೇಡಿ ಎಂದು ಇಡೀ ಕಾರ್ಖಾನೆಗೆ ಪಾಠ ಹೇಳಿದವಳು ಅವಳು. ಆದರೆ ಇವತ್ತು ಕೈಯಲ್ಲಿ ಬಿಸ್ಕತ್ತು ಇರಲಿಲ್ಲ.

"ಮದುವೆ ಅಂದ್ರೆ... ಈಗಲೇ ಅಂತಲ್ಲ."

ಅವನು ಸುಮ್ಮನಿದ್ದ.

"ಆಫೀಸೂ ಬೇಡ ಬಿಡಿ. ವರ್ಷಕ್ಕೊಂದು ಸಲ ಬಂದುಹೋದ್ರೂ ಆಯ್ತು."

ಅವನು ಸುಮ್ಮನೇ ಇದ್ದ.

"ಫೋನ್ ಮಾಡಿದ್ರೂ ಸಾಕು. ಹೋಗ್ಲಿ, ಹೊಸ ವರ್ಷಕ್ಕೊಂದು ಮೆಸೇಜು..."

"ರೇಟು ಇಳಿಸ್ಬೇಡ ಕಣೇ!" ಕುರ್ಚಿ ರಾಶಿಯ ಹಿಂದಿನಿಂದ ಅಪ್ಪನ ಕೂಗು ಬಂತು. "ಬಾಯಿ ಮುಚ್ಕೊಂಡು ನಿಂತ್ಕೋ! ಹೋದ ವರ್ಷ ನಾನು ಮುಳುಗಿದ್ದು ಹೀಗೇ!"

ಪುಟ್ಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೌನಿಸ್ವಾಮಿಯ ತುಟಿಯಂಚು ನಿಧಾನವಾಗಿ ಅರಳಿತು. ಅವನು ನಗುವುದನ್ನು ಕಾರ್ಖಾನೆಯಲ್ಲಿ ಯಾರೂ ಕಂಡಿರಲಿಲ್ಲ.

"ಮೊದಲು ಹೇಳಿದ್ದಕ್ಕೆ ಒಪ್ಪಿಗೆ," ಎಂದ. "ಆಮೇಲೆ ಹೇಳಿದ್ದು ಯಾವುದೂ ಬೇಡ."

ಪುಟ್ಟಿಗೆ ಏನಾದರೂ ಹೇಳಬೇಕೆನಿಸಿತು. ಆದರೆ ಕಣ್ಣು ತುಂಬಿ, ಹುಟ್ಟಿದಾಗಿನಿಂದ ಮೊದಲ ಸಲ ಅವಳಿಗೆ ಒಂದು ಮಾತೂ ಹೊರಡಲಿಲ್ಲ. ಬಾಯಿಗೆ ಕೈ ಇಟ್ಟುಕೊಂಡು ಅವನನ್ನೇ ನೋಡುತ್ತ ನಿಂತಳು.

ಅವನು ಕಾದ. ಟೈ ಸಡಿಲಿಸಿಕೊಂಡ. ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು.

"ಏನಾದ್ರೂ ಹೇಳಿ," ಎಂದ. "ಬೇಕಿದ್ರೆ... ಅಡುಗೆ ನಾನೇ ಮಾಡ್ತೀನಿ."

ಅವಳಿಂದ ಸದ್ದಿಲ್ಲ.

"ಪಾತ್ರೇನೂ ತೊಳೀತೀನಿ."

ಅಪ್ಪ ಮೆಲ್ಲಗೆ ಮಗಳ ಬೆನ್ನ ಹಿಂದೆ ಬಂದು ನಿಂತರು.

"ಇನ್ನೂ ಸ್ವಲ್ಪ ಹೊತ್ತು ಹಿಂಗೇ ಇರು, ಪುಟ್ಟಿ," ಎಂದು ಪಿಸುಗುಟ್ಟಿದರು, ಟ್ಯಾಕ್ಸಿಯವನಿಗೂ ಕೇಳುವ ಹಾಗೆ. "ಇಳೀತಾ ಇದ್ದಾನೆ."