ರೋಲ್ ಮುಗಿಯೂತನಕ

ಗಂಡ ಅನಿಲನನ್ನು ಮಣ್ಣು ಮಾಡಿದ ಮೇಲೆ ಮೊದಲ ಸಲ ನಳ ಬಂದಿತ್ತು. ನೆಂಟರೆಲ್ಲ ಹಿಂದಿನ ದಿನವೇ ತಮ್ಮ ಊರುಗಳಿಗೆ ಹೋಗಿದ್ದರು. "ನೀ ಏಳಬ್ಯಾಡ, ನಾ ತುಂಬತೇನಿ" ಎನ್ನುವವರು ಯಾರೂ ಉಳಿದಿರಲಿಲ್ಲ. ಎದ್ದೆ. ಕೊಡ ಹಚ್ಚಿದೆ. ನಮ್ಮ ಇಂಡಿ ಊರಲ್ಲಿ ನಳ ಯಾರ ಸಲುವಾಗಿಯೂ ಕಾಯುವುದಿಲ್ಲ.

ನೀರು ತುಂಬಿ ಒಳಗೆ ಬಂದಾಗ ಗೂಟಕ್ಕೆ ತೂಗಿದ ಕ್ಯಾಮೆರಾ ಕಂಡಿತು. ಅದರ ಮುಂದೆ ಉದ್ದನೆಯ ಲೆನ್ಸ್. ಅದು ನಮ್ಮದಲ್ಲ.

ಅತ್ತೆ ಸಿದ್ದಲಿಂಗವ್ವನೂ ಅದನ್ನೇ ನೋಡುತ್ತ ಕುಳಿತಿದ್ದರು.

"ದಾನೂ, ಅದು ಸಿಂದಗಿ ಜೈನುದ್ದೀನಂದು ಅಲ್ಲನು?"

"ಹೌದ್ರಿ ಅತ್ತಿ. ಮುಂದಿನ ಲೆನ್ಸ್ ಅಷ್ಟ ಅವರದು."

"ಕೊಟ್ಟ ಬಾ. ಹ್ವಾದಾವ ಕಡಾ ತಂದದ್ದು ಮನ್ಯಾಗ ಉಳದ್ರ ಅವನ ಕಾಲು ಹೊಸ್ತಲದಾಗ ಸಿಕ್ಕೊಂಡಿರತಾವ."

"ರೋಲ್ ಮುಗಿದಿಲ್ಲರಿ" ಎಂದೆ.

ಆ ಉತ್ತರ ನನ್ನದಲ್ಲ. ಅನಿಲನದು.

ಅನಿಲ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ತೊಂಬತ್ತೆಂಟರ ದೀಪಾವಳಿಗೆ ಸೊಲ್ಲಾಪುರದಿಂದ ಒಂದು ಹಳೆಯ ಕ್ಯಾಮೆರಾ ತಂದ. ಲೆನ್ಸ್ ಬಿಚ್ಚಿ ಬೇರೆಯದನ್ನು ಹಚ್ಚಬಹುದಾದ ಕ್ಯಾಮೆರಾ. ಅಂಥದ್ದು ಅವನ ಕೈಗೆ ಸಿಕ್ಕಿದ್ದು ಅದೇ ಮೊದಲು. ರೋಲ್ ಹಾಕುವ ಮುಂಚೆ ಇಡೀ ಸಂಜೆ ಲೆನ್ಸ್ ಬಿಚ್ಚುವುದು, ಹಚ್ಚುವುದು.

"ಬಿಚ್ಚೂದು ಹಚ್ಚೂದರಾಗ ಫೋಟೋ ಬರತಾವೇನ್ರಿ?" ಎಂದು ಕೇಳಿದ್ದೆ.

"ಸುಮ್ನ ನೋಡು. ಕೆಂಪು ಚುಕ್ಕಿಗೆ ಕೆಂಪು ಚುಕ್ಕಿ ಕೂಡಸಬೇಕು. ಆಮ್ಯಾಲ ಸಣ್ಣಗ ತಿರುವಬೇಕು. ಕಟ್ ಅಂತ ಸಪ್ಪಳ ಬಂದ್ರ ಲಗ್ನ ಆತು ಅಂತ ಅರ್ಥ."

ಮೊದಲ ರೋಲಿನ ತುದಿ ಒಳಗಿನ ಗಾಲಿಗೆ ಸಿಕ್ಕಿರಲೇ ಇಲ್ಲ. ಅಷ್ಟೂ ಸಲ ಗುಂಡಿ ಒತ್ತಿದ್ದು ಬರಿದೇ. ತೊಳೆಸಿಕೊಂಡು ಬಂದ ಪಟ್ಟಿಯನ್ನು ಕಿಟಕಿಗೆ ಹಿಡಿದು ನಾನು, "ಅಯ್ಯ, ಎಷ್ಟ ಚಂದ ಬಂದೇನ್ರಿ ನಾ!" ಎಂದೆ. ಅವನು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾನೇ ನಕ್ಕ.

ನನ್ನದೂ ಒಂದು ತೊಡಕಿತ್ತು. ಮುಂದಿನ ಹಲ್ಲು ಒಂದರ ಮೇಲೊಂದು ಏರಿದೆ. ನಕ್ಕರೆ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಅವನು ಕ್ಯಾಮೆರಾ ಹಿಡಿದು ಹತ್ತಿರ ಬಂದರೆ ಮುಖ ಕಲ್ಲಾಗುತ್ತಿತ್ತು.

"ಹಾಲ್ ಟಿಕೆಟ್ ಮಾರಿ ಮಾಡಬ್ಯಾಡ" ಎಂದು ಗೋಳಾಡುತ್ತಿದ್ದ.

ಒಂದು ದಿನ ಗೆಳೆಯ ಜೈನುದ್ದೀನನ ಸ್ಟುಡಿಯೋದಿಂದ ಈ ಉದ್ದನೆಯ ಲೆನ್ಸ್ ಕಡ ತಂದ. ಹಿತ್ತಲಿನಲ್ಲಿ ನಿಂಬೆ ಗಿಡದ ಕೆಳಗಿನ ಕಲ್ಲಿನ ಮೇಲೆ ಕುಳಿತು ನಾನು ಜೋಳ ಹಸನು ಮಾಡುತ್ತಿದ್ದೆ. ಅವನು ದೂರ, ನೀರಿನ ಟಾಕಿಯ ಹತ್ತಿರ ನಿಂತಿದ್ದ.

"ಅಲ್ಲಿಂದ ನಾ ಇರಿವಿ ಕಂಡಂಗ ಕಾಣತೇನಿ" ಎಂದೆ.

"ರೆಪ್ಪಿ ಎಣಸಾಕತ್ತೇನಿ. ಮಿಸುಕಬ್ಯಾಡ, ಲೆಕ್ಕ ತಪ್ಪತೈತಿ."

ನಕ್ಕೆ. ಎರಡೂ ಕೈ ಮೊರದಲ್ಲಿದ್ದವು. ಕ್ಲಿಕ್ ಎಂದಿತು.

ಅಂದೇ ಜಗಳ ತೆಗೆದೆ. "ಮಂದಿ ಸಾಮಾನು. ನಾಳೆನ ಕೊಟ್ಟ ಬರ್ರಿ."

"ಹೆಂಗ ಕೊಡ್ಲಿ? ಒಳಗ ರೋಲ್ ಐತಿ. ಈಗ ಲೆನ್ಸ್ ಬಿಚ್ಚಿದ್ರ ಬೆಳಕ ಹೊಕ್ಕು ಎಲ್ಲಾ ಸುಟ್ಟು ಹೋಗತಾವ. ರೋಲ್ ಮುಗಿಯೂತನಕ ಇದು ಮನಿಅಳಿಯ ಇದ್ದಂಗ. ಹೊರಗ ಹಾಕಾಕ ಬರಂಗಿಲ್ಲ."

ಧಾರವಾಡದಲ್ಲಿ ಎಂ.ಎ. ಮಾಡಿದವಳು ನಾನು. ನಂಬಿದೆ.

ಆ ರೋಲ್ ಮುಗಿಯಲೇ ಇಲ್ಲ. "ಇವತ್ತ ಬೆಳಕ ಸರಿ ಇಲ್ಲ" ಎನ್ನುವನು. ವಾರಕ್ಕೊಂದು ಫೋಟೋ, ಅದೂ ಅದೇ ಕಲ್ಲು, ಅದೇ ನಾನು. ನಡುನಡುವೆ ನನಗೂ ಕಲಿಸುತ್ತಿದ್ದ. ಕಣ್ಣಿಗೆ ಹಿಡಿದಾಗ ಒಳಗೆ ಕಾಣುವ ಮುಳ್ಳು ನಡುವೆ ನಿಂತರೆ ಬೆಳಕು ಸರಿ. ಉಂಗುರ ತಿರುವಿದರೆ ಮಸುಕು ತಿಳಿಯಾಗುತ್ತದೆ. ಲೆನ್ಸ್ ಎತ್ತಿಡುವಾಗ ಉಂಗುರವನ್ನು ಕೊನೆಯ ಗುರುತಿಗೆ, ಅಡ್ಡ ಬಿದ್ದ ಎಂಟಕ್ಕೆ ತಿರುವಿಡಬೇಕು. "ಅಂದ್ರ ಎಲ್ಲಾಕ್ಕಿಂತ ದೂರ" ಎಂದಿದ್ದ.

ಆಮೇಲೆ ಝಳಕಿ ರಸ್ತೆಯಲ್ಲಿ ಅವನ ಗಾಡಿಗೆ ಲಾರಿ ತಾಗಿತು.

ಅತ್ತೆ ಹೇಳಿದ ಮೇಲೆ ಕ್ಯಾಮೆರಾ ಇಳಿಸಿದೆ. ಮೇಲಿನ ಅಂಕಿಯ ಲೆಕ್ಕಕ್ಕೆ ಇನ್ನೊಂದೇ ಫೋಟೋ ಉಳಿದಿತ್ತು. ಅದನ್ನು ತೆಗೆಯದೆ ಲೆನ್ಸ್ ಬಿಚ್ಚಿದರೆ ಅವನು ಕಂಡದ್ದೆಲ್ಲ ಸುಟ್ಟು ಹೋಗುತ್ತದೆ. ತೆಗೆದರೆ ಲೆನ್ಸ್ ಹೋಗುತ್ತದೆ. ಅವನ ಕೈ ಕೊನೆಗೆ ಹಚ್ಚಿದ್ದು ಅದು.

ಹಿತ್ತಲಿಗೆ ಹೋಗಿ ಕಣ್ಣಿಗೆ ಹಿಡಿದೆ. ಎಲ್ಲ ಮಸುಕು. ಉಂಗುರದ ಮೇಲೆ ಬೆರಳಿಟ್ಟೆ, ತಿರುವದೆ ಬೆರಳು ಹಿಂದಕ್ಕೆ ತೆಗೆದೆ. ಅವನು ಬಿಟ್ಟಲ್ಲೇ ಅದು ನಿಂತಿತ್ತು.

ಹಾಗಾಗಿ ನಾನೇ ನಡೆದೆ. ಕ್ಯಾಮೆರಾ ಕಣ್ಣಿಗೆ ಒತ್ತಿಕೊಂಡು ಹಿಂದೆ, ಇನ್ನೂ ಹಿಂದೆ. ಬೆನ್ನು ಟಾಕಿಗೆ ತಾಗಿತು. ನಿಂಬೆ ಗಿಡದ ಕೆಳಗಿನ ಕಲ್ಲು ತಿಳಿಯಾಯಿತು. ಅದರ ಬಿರುಕು, ಬಿರುಕಿನಲ್ಲಿ ಸಿಕ್ಕಿದ ಒಂದು ಜೋಳದ ಕಾಳು.

ಅವನು ನಿಲ್ಲುತ್ತಿದ್ದ ಜಾಗ. ಇಲ್ಲಿಂದ ನಾನು ಕುಳಿತಿದ್ದ ಕಲ್ಲನ್ನು ಎಂದೂ ನೋಡಿರಲಿಲ್ಲ. ಅಷ್ಟೇನೂ ದೂರವಿರಲಿಲ್ಲ.

ಅತ್ತೆ ಬಂದು ಆ ಕಲ್ಲಿನ ಮೇಲೆ ಕುಳಿತರು. "ಏನ ಮಾಡಾಕತ್ತೀಬೇ?"

"ಏನಿಲ್ಲರಿ. ಹಂಗ ಕುಂದರ್ರಿ."

ಅವರಿಗೆ ಹೊಳೆಯಿತು. ಸೆರಗು ತಲೆಯ ಮೇಲೆಳೆದುಕೊಂಡು ಗದ್ದ ಎತ್ತಿದರು. ಮುಳ್ಳು ನಡುವೆ ಬಂತು. ಒತ್ತಿದೆ. ರೋಲ್ ಸರಿಸುವ ಲಿವರ್ ಮುಂದಕ್ಕೆ ಬರಲಿಲ್ಲ. ರೋಲ್ ಮುಗಿದಿತ್ತು.

ರೋಲ್ ಹೊರತೆಗೆಯುವುದು ನನಗೆ ಬರುವುದಿಲ್ಲ. ಮರುದಿನ ಕ್ಯಾಮೆರಾವನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ಸಿಂದಗಿ ಬಸ್ಸು ಹತ್ತಿದೆ.

"ಬರ್ರಿ ವೈನಿ" ಎಂದರು ಜೈನುದ್ದೀನ. ನನ್ನ ಮುಖ ನೋಡಲಿಲ್ಲ. ಕ್ಯಾಮೆರಾ ತೆಗೆದುಕೊಂಡವರೇ ಪಕ್ಕದ ಗುಂಡಿ ಒತ್ತಿ ಲೆನ್ಸ್ ತಿರುವಿದರು.

ಅವರ ಕೈ ಹಿಡಿದುಬಿಟ್ಟೆ. "ಬ್ಯಾಡ್ರಿ! ರೋಲ್ ಒಳಗೈತಿ! ಎಲ್ಲಾ ಸುಟ್ಟು ಹೋಗತಾವ!"

"ಏನೂ ಆಗಂಗಿಲ್ರಿ ವೈನಿ. ಒಳಗ ಪರದೆ ಇರತೈತಿ. ಬೇಕಾದಷ್ಟು ಸಲ ಬಿಚ್ಚಬಹುದು. ಯಾರ ಹೇಳಿದ್ರು ನಿಮಗ?"

"ನಿಮ್ಮ ಗೆಳೆಯಾರು."

"ಅನಿಲ್ಯಾ? ಅವಂಗ ನಾನ ತೋರಿಸಿದ್ನಲ್ರಿ! ಲೆನ್ಸ್ ಒಯ್ದ ದಿನಾನ, ಇದ ಟೇಬಲ್ ಮ್ಯಾಲ, ರೋಲ್ ಹಾಕಿ ಬಿಚ್ಚಿ ಹಚ್ಚಿ ಮಾಡಿದ್ದ." ಮಾತು ನಡುವೆಯೇ ನಿಂತಿತು. ಮೀಸೆ ಅಲುಗಿತು. "ಕಳ್ಳ ನನ್ನ ಮಗ!" ಎಂದವರು ನಾಲಿಗೆ ಕಚ್ಚಿಕೊಂಡರು. "ತೌಬಾ! ಮಾಫ್ ಮಾಡ್ರಿ ವೈನಿ."

ವಾರಕ್ಕೊಂದು ಫೋಟೋ, ಅದೂ ನಾನು ಬಾಯಿಗೆ ಕೈ ಅಡ್ಡ ಹಿಡಿಯದಷ್ಟು ದೂರದಿಂದ. ಬೆಳಕ ಸರಿ ಇಲ್ಲ. ಮನಿಅಳಿಯ.

ನಕ್ಕೆ. ಕೈ ಬಾಯಿಯ ಕಡೆ ಹೊರಟು ಅರ್ಧಕ್ಕೇ ನಿಂತಿತು. ಮಣ್ಣಿನ ದಿನ ಬಾರದ ಕಣ್ಣೀರು ಆಗ ಬಂತು. ಜೈನುದ್ದೀನ ಎದ್ದು ಹೋಗಿ ಫ್ಯಾನ್ ಜೋರು ಮಾಡಿದರು. ತಿರುಗಿ ಬರಲು ತುಸು ಹೊತ್ತು ಮಾಡಿದರು.

"ಲೆನ್ಸ್ ಇಟ್ಕೋರಿ ವೈನಿ. ನಾ ಕೇಳಿಲ್ಲಲ್ಲ."

"ಸುಳ್ಳು ನನಗಿರಲಿ ಅಣ್ಣಾರ. ಲೆನ್ಸ್ ನಿಮ್ಮದು."

ಅವರು ಪೂರ್ತಿ ಬಿಚ್ಚಿ ಕೊಟ್ಟ ಲೆನ್ಸನ್ನು ಒಂದು ಗಳಿಗೆ ಹಿಡಿದುಕೊಂಡೆ. ಉಂಗುರ ಇನ್ನೂ ಅಲ್ಲೇ ಇತ್ತು, ಟಾಕಿಯಿಂದ ಕಲ್ಲಿನವರೆಗಿನ ಅಳತೆಯ ಮೇಲೆ. ಈಗ ಬೆರಳಿಟ್ಟು ತಿರುವಿದೆ. ಸಣ್ಣಗೆ, ಅವನು ಹೇಳಿಕೊಟ್ಟ ಹಾಗೆ. ಅಡ್ಡ ಬಿದ್ದ ಎಂಟು ಗೆರೆಗೆ ಬಂದು ನಿಂತಿತು.

ಎರಡೂ ಕೈಯಿಂದ ಲೆನ್ಸನ್ನು ಅವರ ಕೈಗೆ ಕೊಟ್ಟೆ.