ಬೀಗದಕೈ ದೊರೆ

ತರಕಾರಿಯವಳು ಸೊಂಟದಲ್ಲಿದ್ದ ಬೀಗದಕೈ ಗೊಂಚಲನ್ನು ಒಮ್ಮೆ ಝಲ್ಲೆನಿಸಿದಳು. ಅಷ್ಟೆ, ಬಾಯಲ್ಲಿ ಒಂದು ಮಾತಿಲ್ಲ. ಪಕ್ಕದ ಅಂಗಡಿಯ ಹಗ್ಗದವನು ತನ್ನ ಬೀಗದಕೈಯನ್ನು ತಕ್ಕಡಿಯ ತಟ್ಟೆಗೆ ಬಡಿದ. ಅದರಾಚೆಯವನು ತನ್ನದನ್ನು ಬಾಗಿಲಿಗೆ. ದೊರೆ ಸಂತೆಬೀದಿಯ ಈ ತುದಿಯಿಂದ ಆ ತುದಿ ಮುಟ್ಟುವವರೆಗೂ ಆ ಸದ್ದು ಅವನಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆಯುತ್ತಿತ್ತು, ಹಿಂದೊಮ್ಮೆ ಕಹಳೆಯವರು ನಡೆಯುತ್ತಿದ್ದ ಹಾಗೆ.

ಎರಡು ವರ್ಷದಿಂದ ಇದೇ ಪಾಡು. ಹೊರಗಿನ ಸೈನ್ಯ ಕೋಟೆಯ ಮುಂದೆ ಬಂದು ನಿಂತಾಗ ನಲವತ್ತು ದಿನ ತಡೆಯಬಹುದು ಎಂದಿದ್ದರು ಅವನ ದಳಪತಿಗಳು. ಅವನು ನಾಲ್ಕು ತಾಸೂ ತಡೆಯಲಿಲ್ಲ. ಬಾಗಿಲ ಬೀಗದಕೈಗಳನ್ನು ತಟ್ಟೆಯಲ್ಲಿಟ್ಟು ತಾನೇ ಹೊತ್ತುಕೊಂಡು ಹೋಗಿ ಕೊಟ್ಟುಬಂದ. ಯಾಕೆ ಎಂದು ಊರು ಇವತ್ತಿಗೂ ತಲೆ ಕೆಡಿಸಿಕೊಳ್ಳುತ್ತದೆ. ಅವನಿಗೆ ಗೊತ್ತಿತ್ತು: ಹೆದರಿಕೆ. ಕೊಟ್ಟರೆ ಪಟ್ಟ ಉಳಿದೀತು ಎಂಬ ಆಸೆಯೂ ಇತ್ತು. ಆ ಸೈನ್ಯದ ದಂಡಾಧಿಕಾರಿ ಬೀಗದಕೈ ತೆಗೆದುಕೊಂಡು, ತಟ್ಟೆಯನ್ನೂ ತೆಗೆದುಕೊಂಡು, ಹಿತ್ತಿಲ ಬಾಗಿಲು ತೋರಿಸಿದ.

ಈಗ ಗುಂಡಿ ಹೊಲಿಯುವವರ ಬೀದಿಯಲ್ಲಿ ಮಹಡಿಯ ಮೇಲೆ ಎರಡು ಕೋಣೆ. ಹೆಂಡತಿ ತವರಿಗೆ ಹೋದವಳು ಬರಲಿಲ್ಲ. ಜೊತೆಗಿರುವುದು ವಿಧವೆ ಅಕ್ಕ.

"ಇವತ್ತೂ ಬಾರಿಸಿದರಾ?" ಅಕ್ಕ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು.

"ಬಾರಿಸಿದರು."

"ಒಳ್ಳೇದಾಯ್ತು ಬಿಡು. ನಿನ್ನ ನೆನಪಾದರೂ ಇದೆ ಜನಕ್ಕೆ. ನಿಮ್ಮ ಭಾವ ಸತ್ತಾಗ ನಾಯಿ ಕೂಡ ಬೊಗಳಲಿಲ್ಲ."

ಅವನು ಚಿಕ್ಕವನಿದ್ದಾಗ ಅರಮನೆಯ ಪಡಸಾಲೆಯಲ್ಲಿ ಸಂಜೆ ಹೊತ್ತು ಮುದುಕನೊಬ್ಬ ಕಾವ್ಯ ಓದುತ್ತಿದ್ದ. ರಾಜ್ಯ ಕಳೆದುಕೊಂಡ ಅರಸ, ಕಾಡು, ನಾರುಬಟ್ಟೆ. ಕೊನೆಗೆ ಅರಸ ತಿರುಗಿ ಬರುತ್ತಿದ್ದ. ಯಾವ ಕತೆಯಲ್ಲೂ ಬಾರದೆ ಇದ್ದದ್ದಿಲ್ಲ. ತಾಯಿಯ ತೊಡೆಯ ಮೇಲೆ ಕೂತು ಕಣ್ಣೀರು ಸುರಿಸುತ್ತ ಕೇಳಿದ ಆ ಮಾತನ್ನು ಅವನು ದೇವರನ್ನು ನಂಬಿದಷ್ಟೇ ನಂಬಿದ್ದ. ತಿರುಗಿ ಬರಬೇಕಾದರೆ ಬೆನ್ನ ಹಿಂದೆ ಒಂದು ಸೈನ್ಯ ಬೇಕು. ಅದು ಎರಕದ ಕಾರ್ಖಾನೆಯಲ್ಲಿತ್ತು.

ಹಗಲು ಅಲ್ಲಿ ತಿರುಗಣಿ, ತೂಕದ ಗುಂಡು, ಪಂಪಿನ ಚಕ್ರ ಎರಕ ಹೊಯ್ಯುತ್ತಿದ್ದರು. ಕೆಲಸ ಬಿಟ್ಟ ಮೇಲೆ ಮೂವತ್ತು ಜನ ಮರಳಿನ ಅಚ್ಚುಗಳ ನಡುವೆ ಕುಕ್ಕರುಗಾಲಲ್ಲಿ ಕೂತು ದಂಡಾಧಿಕಾರಿಯನ್ನು ಓಡಿಸುವ ಮಾತಾಡುತ್ತಿದ್ದರು. ಅವರ ಮುಂದಾಳು ಮೇಸ್ತ್ರಿ. ಐವತ್ತರ ಆಸುಪಾಸಿನ ಮನುಷ್ಯ. ಕುಲುಮೆಯ ಝಳಕ್ಕೆ ಹುಬ್ಬು ಸುಟ್ಟುಹೋಗಿ ಮುಖ ಸದಾ ಆಶ್ಚರ್ಯಪಟ್ಟ ಹಾಗೆ ಕಾಣುತ್ತಿತ್ತು. ತಲೆಯ ಮೇಲೆ ಬೂದುಬಣ್ಣದ ಟೊಪ್ಪಿ. ಏಳು ತಿಂಗಳ ಹಿಂದೆ ದೊರೆ ಮೊದಲ ಸಲ ಅಲ್ಲಿಗೆ ಹೋದಾಗ ಆಚೆ ದಬ್ಬಲು ಎದ್ದವರನ್ನು ತಡೆದವನು ಅವನೇ.

"ಕೂತ್ಕೊಳ್ಳಲಿ. ಕೋಟೆ ಒಳಗಿನ ಬಾಗಿಲೆಲ್ಲ ಇವರಿಗೆ ಗೊತ್ತು."

"ತೆಗೆಯೋದೂ ಗೊತ್ತು!" ಎಂದಿತು ಹಿಂದಿನಿಂದ ಒಂದು ದನಿ. ಕಾರ್ಖಾನೆಯ ತಗಡಿನ ಮಾಡು ಹಾರಿಹೋಗುವಂತೆ ನಕ್ಕರು. ತಿದಿ ಒತ್ತುತ್ತಿದ್ದ ಕುಲುಮೆಯಮ್ಮ ಎಂಬ ಮುದುಕಿಯೂ ನಕ್ಕಳು. ಅವಳು ಬೆಳಗ್ಗೆ ಕೋಟೆಯಲ್ಲಿ ಸ್ನಾನದ ನೀರು ಕಾಯಿಸಿ, ಮಧ್ಯಾಹ್ನದ ಮೇಲೆ ಇಲ್ಲಿ ಬೆಂಕಿ ನೋಡಿಕೊಳ್ಳುವವಳು.

"ಹದಿನೆಂಟು ವರ್ಷ ನಿಮಗೆ ನೀರು ಕಾಯಿಸಿದೀನಿ ದೊರೆ," ಎಂದಳು. "ಈಗಲೂ ಅದೇ ಹಂಡೆ, ಅದೇ ಒಲೆ. ಮೈ ಮಾತ್ರ ಬೇರೆ."

ಅವಳ ಮುಖ ಅವನಿಗೆ ನೆನಪಿರಲಿಲ್ಲ. ನೀರು ಬಿಸಿಯಾಗಿರುತ್ತಿದ್ದದ್ದು ನೆನಪಿತ್ತು.

ಮೇಸ್ತ್ರಿಗೆ ಜನರೆದುರು ನಿಂತು ಮಾತಾಡಲು ಬರುತ್ತಿರಲಿಲ್ಲ. ಆದರೆ ಹೊಸದಾಗಿ ಬಂದವರ ಪಕ್ಕ ಹೋಗಿ ಕೂತು ಮೆಲ್ಲಗೆ, "ನಿಮ್ಮ ಬೀದಿ ಬಾವಿ ಮುಚ್ಚಿಸಿ ಒಂಬತ್ತು ವರ್ಷ ಆಯ್ತಲ್ವಾ? ನಿಮ್ಮಣ್ಣನ್ನ ಹಿಡಕೊಂಡು ಹೋಗಿದ್ದು ಬೇಸಿಗೇಲಲ್ವಾ?" ಎಂದು ಕೇಳುತ್ತಿದ್ದ. ಬಂದವರು ಗಳಗಳ ಅತ್ತು ಅವನ ಜನವಾಗಿಬಿಡುತ್ತಿದ್ದರು. ಇಷ್ಟು ಜನರ ಇಷ್ಟು ಸಂಕಟ ಒಂದು ತಲೆಯಲ್ಲಿ ಹೇಗೆ ಹಿಡಿಯಿತೋ! ಒಳ್ಳೆಯ ಜ್ಞಾಪಕಶಕ್ತಿ ಎಂದುಕೊಂಡ ದೊರೆ. ಹೊಟ್ಟೆ ಉರಿಯಿತು. ಇವನೊಬ್ಬ ಇಲ್ಲದಿದ್ದರೆ ಈ ಮೂವತ್ತು ಜನ, ಇವರ ಹಿಂದಿನ ಮುನ್ನೂರು ಜನ, ಯಾರ ಮುಖ ನೋಡುತ್ತಾರೆ? ಹೆಸರಿರುವವನು ಇಲ್ಲಿ ತಾನೊಬ್ಬನೇ. ದನಿ ಇರುವವನೂ ತಾನೇ.

ಯೋಚನೆ ಹುಟ್ಟಿದ ದಿನ ಅವನಿಗೆ ಚಳಿಜ್ವರ ಬಂತು. ಮೂರನೆಯ ದಿನ ಜ್ವರ ಇಳಿಯಿತು, ಯೋಚನೆ ಇಳಿಯಲಿಲ್ಲ.

ಅದು ಸರಳವಾಗಿತ್ತು. ಮೇಸ್ತ್ರಿಯನ್ನು ಸಿಪಾಯಿಗಳು ಹಿಡಿಯಬೇಕು. ಹಿಡಿದವರನ್ನು ದಂಡಾಧಿಕಾರಿ ಆ ದಿನವೇ ಕೋಟೆಗೋಡೆಗೆ ಒರಗಿಸಿ ಗುಂಡು ಹಾಕಿಸುತ್ತಿದ್ದ, ವಿಚಾರಣೆಯ ಗೋಜಿಲ್ಲ. ಸತ್ತವನ ಬಾಯಿಂದ ಏನೂ ಹೊರಬರುವುದಿಲ್ಲ. ಆಮೇಲೆ ದೊರೆ ಸಂತೆಕಟ್ಟೆ ಹತ್ತಿ ಅಳಬೇಕು. ಜನ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ಒಂದೆರಡು ತಿಂಗಳು ಅವರನ್ನು ಇವತ್ತು ನಾಳೆ ಎಂದು ಕಾಯಿಸಿ, ಗುಟ್ಟಾಗಿ ದಂಡಾಧಿಕಾರಿಗೆ ಹೇಳಿ ಕಳಿಸಬೇಕು: ಈ ಬೆಂಕಿ ನನ್ನ ಮುಷ್ಟಿಯಲ್ಲಿದೆ, ಆರಿಸಬೇಕಾದರೆ ನನ್ನ ಪಟ್ಟ ನನಗೆ ಕೊಡು. ಒಂದು ಗುಂಡೂ ಹಾರದೆ ಅರಸ ತಿರುಗಿ ಬರುತ್ತಾನೆ.

ಉಳಿದದ್ದು ಸುದ್ದಿ ಮುಟ್ಟಿಸುವ ದಾರಿ. ಅದಕ್ಕೆ ಪೆಟ್ಟಿಗೆ ಇತ್ತು.

ಪೆಟ್ಟಿಗೆ ಅವನದೇ ಕೂಸು. ಪಟ್ಟಕ್ಕೆ ಬಂದ ವರ್ಷ ಕೋಟೆಯ ಹೊರಗೋಡೆಯಲ್ಲಿ ಹಿತ್ತಾಳೆ ಬಾಯಿಯ ಅಹವಾಲು ಪೆಟ್ಟಿಗೆ ಕೂರಿಸಿದ್ದ. ನ್ಯಾಯವಂತ ಎಂದು ಹೆಸರಾಯಿತು. ಮೊದಲ ತಿಂಗಳೇ ಮೂಟೆಗಟ್ಟಲೆ ಕಾಗದ. ಓದಿ ಓದಿ ನಿದ್ದೆ ಕೆಟ್ಟಿತು. ಜನರ ದುಃಖ ಕಂಡರೂ ಅವನಿಗೆ ಹೆದರಿಕೆ. "ಇನ್ನು ಮೇಲೆ ಇವು ನನ್ನ ಕಣ್ಣಿಗೆ ಬೀಳಕೂಡದು" ಎಂದು ಪಾರುಪತ್ಯಗಾರನಿಗೆ ಹೇಳಿದ. ಬೀಳಲಿಲ್ಲ. ಒಳ್ಳೆಯ ಆಳು ಅವನು. ಈಗ ದಂಡಾಧಿಕಾರಿ ಆ ಪೆಟ್ಟಿಗೆಗೆ ಬಣ್ಣ ಬಳಿಸಿ ಮೇಲೊಂದು ಹಲಗೆ ಹಾಕಿಸಿದ್ದ: ದ್ರೋಹಿಗಳ ಸುದ್ದಿ ಇಲ್ಲಿ ಹಾಕಿ, ಹೆಸರು ಬರೆಯಬೇಕಿಲ್ಲ.

ದೊರೆ ಮೊದಲು ಮೇಸ್ತ್ರಿಯ ಬಳಿ ಹೋದ. "ಕೋಟೆ ಒಳಬಾಗಿಲುಗಳ ನಕ್ಷೆ ಬರೆದಿದ್ದೇನೆ. ಸಂತೆಯ ದಿನ, ಮಧ್ಯಾಹ್ನದ ಗಂಟೆ ಹೊಡೆದಾಗ ಹಿಂದಿನ ಮರಳಿನ ಶೆಡ್ಡಿಗೆ ಒಬ್ಬನೇ ಬಾ. ಬೇರೆ ಯಾರಿಗೂ ತಿಳಿಯಬಾರದು."

"ಯಾರಿಗೂ ಹೇಳಲ್ಲ," ಎಂದ ಮೇಸ್ತ್ರಿ, ಹುಬ್ಬಿಲ್ಲದ ಮುಖವೆತ್ತಿ.

ಅಕ್ಕ ನೀರಿಗೆ ಹೋದಾಗ, ದಾರದುಂಡೆ ಸುತ್ತಿ ಬಂದ ಕಾಗದದ ಮೇಲೆ, ಎಡಗೈಯಲ್ಲಿ, ಅಕ್ಷರ ಸರಿಯಾಗಿ ಕಲಿಯದವನ ಹಾಗೆ ಸೊಟ್ಟಪಟ್ಟಗೆ ಬರೆದ: ಮೇಸ್ತ್ರಿ, ಮರಳಿನ ಶೆಡ್ಡು, ಸಂತೆಯ ದಿನ, ಮಧ್ಯಾಹ್ನದ ಗಂಟೆ, ಒಬ್ಬನೇ. ಪರವಾನಗಿಗೆ ನಿಂತವರ ಸಾಲು ಕೋಟೆಗೋಡೆಗೆ ಒತ್ತಿಕೊಂಡು ಹೋಗುವ ಹೊತ್ತು ನೋಡಿ, ಸಾಲಿನಲ್ಲಿ ತಾನೂ ಒಬ್ಬನಾದ. ಪೆಟ್ಟಿಗೆಯ ಮುಂದೆ ಬಂದಾಗ ಕೈ ಕಂಬಳಿಯೊಳಗಿಂದ ಹಾವಿನ ಹಾಗೆ ಹೊರಬಂದು ಒಳಸೇರಿತು. ಗೋಡೆ ಬೆಚ್ಚಗಿತ್ತು, ಬಿಸಿಲಿಗೆ ಎಂದುಕೊಂಡ. ಕಾಗದ ತಳ ಮುಟ್ಟಿದ ಸದ್ದು ಕೇಳಲಿಲ್ಲ. ಅದೂ ಸಹಜವೇ, ಒಳಗೆ ಇಂಥವು ರಾಶಿ ಬಿದ್ದಿರಬೇಕು, ಊರಿನಲ್ಲಿ ಹೇಡಿಗಳಿಗೇನು ಕಡಿಮೆ?

ಸಂತೆಗೆ ಇನ್ನೂ ನಾಲ್ಕು ದಿನ. ಆ ನಾಲ್ಕು ದಿನ ಅಕ್ಕ ಬಡಿಸಿದ್ದು ತಟ್ಟೆಯಲ್ಲೇ ಉಳಿಯಿತು. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸಪ್ಪಳವಾದರೂ ಎದ್ದು ಬಾಗಿಲ ಅಗುಳಿ ಮುಟ್ಟಿ ನೋಡುತ್ತಿದ್ದ. ಕಾರ್ಖಾನೆಗೆ ಎಂದಿನಂತೆ ಹೋಗಿ ಕೂತ, ಹೋಗದಿದ್ದರೆ ಅನುಮಾನ. ಎಲ್ಲರೂ ಅವನಿಗೆ ಜಾಗ ಬಿಟ್ಟುಕೊಟ್ಟರು. ಕುಲುಮೆಯಮ್ಮ, "ಯಾಕೆ ದೊರೆ, ಬಡವಾಗಿದೀರಿ? ಚೆನ್ನಾಗಿ ತಿನ್ನಿ, ಮುಂದೆ ನಡೆಯೋದಿದೆ," ಎಂದಳು. ಆ ಮಾತಿಗೆ ಅವನ ಕಣ್ಣು ತುಂಬಿತು. ಮುದುಕಿಗೂ ತನ್ನ ಏಳಿಗೆ ಕಾಣತೊಡಗಿದೆ!

ಸಂತೆಯ ದಿನ ಅವನು ಕ್ಷೌರದಂಗಡಿಯಲ್ಲಿ ಹತ್ತು ಜನರ ಕಣ್ಣಿಗೆ ಬೀಳುವಂತೆ ಕೂತ. ಕತ್ತಿ ಗಂಟಲ ಮೇಲಿದ್ದಾಗಲೇ ಗಂಟೆ ಹೊಡೆಯಿತು. "ಅಲ್ಲಾಡಬೇಡಿ ದೊರೆ, ನಿಮ್ಮ ಕತ್ತು ಕುಯ್ದ ಪಾಪ ನನಗೆ ಬೇಡ," ಎಂದ ಕ್ಷೌರಿಕ. ಕನ್ನಡಿಯಲ್ಲಿ ಎಂಟು ಸಿಪಾಯಿಗಳು ಕಾರ್ಖಾನೆಯ ಗಲ್ಲಿಗೆ ತಿರುಗಿದ್ದು ಕಾಣಿಸಿತು. ಮುಗಿಯಿತು. ದೇವರು ದೊಡ್ಡವನು.

ಅರ್ಧ ಕ್ಷೌರದಲ್ಲೇ ಎದ್ದು ಓಡಿದ. ಸಂತೆಕಟ್ಟೆ ಹತ್ತಿ ಅಂಗಿ ಹರಿದುಕೊಂಡ. ಕೆಳಗೆ ನೋಡಿದರೆ ಕಾರ್ಖಾನೆಯವರು ಆಗಲೇ ಬಂದು ನಿಂತಿದ್ದರು. ಹಿಂದೆ ಮುನ್ನೂರಲ್ಲ, ಸಾವಿರ ತಲೆ. ಸುದ್ದಿಗೆ ಕಾಲು ಬಂದಿರಬೇಕು ಎಂದುಕೊಂಡ.

"ಮೇಸ್ತ್ರಿಯನ್ನು ಹಿಡಿದರು! ಮರಳಿನ ಶೆಡ್ಡಿನಲ್ಲಿ, ಒಂಟಿಯಾಗಿದ್ದವನನ್ನು!" ಎಂದು ಕೂಗಿ, ಪಡಸಾಲೆಯ ಮುದುಕ ಕರುಣೆಯ ಸಾಲಿಗೆ ಮುಂಚೆ ನಿಲ್ಲುತ್ತಿದ್ದ ಹಾಗೆ ನಿಂತ. "ನಾನು ಒಂದು ದಿನ ಹೆದರಿದೆ. ನನ್ನ ಹೆದರಿಕೆ ನಿಮ್ಮ ಮನೆಮನೆಯ ಬಾಗಿಲು ತೆರೆಯಿತು. ಇವತ್ತು ಆ ಬಾಗಿಲಿಗೆ ನಾನೇ ಮೊದಲು ನಡೆಯುತ್ತೇನೆ. ಮೊದಲ ಗುಂಡು ಬರುವುದಾದರೆ ಈ ಎದೆಗೆ ಬರಲಿ!"

ಮಾತು ತುಂಬ ಚೆನ್ನಾಗಿತ್ತು. ಅವನಿಗೇ ಮೈ ಜುಮ್ಮೆಂದಿತು. ಜನ ಭೋರ್ಗರೆದರು. ತರಕಾರಿಯವಳು ಸೊಂಟದ ಗೊಂಚಲು ಬಿಚ್ಚಿ ಅವನ ಕಾಲಬಳಿ ಇಟ್ಟಳು. ಹಗ್ಗದವನು ತನ್ನದನ್ನು ಅದರ ಮೇಲೆ. ಅವನು ನಿಜವಾಗಿ ಅತ್ತ. ಕೈಗಳು ಅವನನ್ನು ಕಟ್ಟೆಯಿಂದ ಎತ್ತಿಕೊಂಡವು. "ದೊರೆ ಮುಂದೆ! ದೊರೆ ಮುಂದೆ!"

"ನಾಳೆ," ಎಂದ ಅವನು. "ಕೂತು ಯೋಚನೆ ಮಾಡಿ, ನಾಳೆ..."

"ಇವತ್ತು ಅಂತ ನೀವೇ ಅಂದ್ರಲ್ಲ ದೊರೆ!"

ಕೋಟೆಯ ದಾರಿಯಲ್ಲಿ ಇಳಿಸಿದರು. ಮುಂದೆ ಬರೀ ರಸ್ತೆ, ಅದರ ಕೊನೆಗೆ ಬಾಗಿಲು, ಬಾಗಿಲ ಮೇಲೆ ಸಾಲಾಗಿ ಕೋವಿಯ ನಳಿಗೆಗಳು. ಹಿಂದೆ ಸರಿಯಲು ಹೋದರೆ ಬೆನ್ನಿಗೆ ಸಾವಿರ ಎದೆ ತಾಗುತ್ತಿತ್ತು. ಒಮ್ಮೆ ತಿರುಗಿ ನೋಡಿದ. ನಾಲ್ಕನೆಯ ಸಾಲಿನಲ್ಲಿ ಬೂದು ಟೊಪ್ಪಿ, ಅದರ ಕೆಳಗೆ ಹುಬ್ಬಿಲ್ಲದ ಮುಖ.

ಪಕ್ಕಕ್ಕೆ ನುಸುಳಲು ಹೋಗಿ ಮುಗ್ಗರಿಸಿದ. ಯಾರೋ ತೋಳು ಹಿಡಿದು ಎತ್ತಿದರು. ಕುಲುಮೆಯಮ್ಮ.

"ಬೀಳಬೇಡಿ ದೊರೆ, ಎಲ್ಲರೂ ನೋಡ್ತಿದಾರೆ."

"ಸಿಪಾಯಿಗಳು ಹೋದರಲ್ಲ. ನಾನೇ ನೋಡಿದೆ."

"ದಿನಾ ಹೋಗ್ತಾರೆ, ಊಟಕ್ಕೆ. ಶೆಡ್ಡು, ಗಂಟೆ, ಒಬ್ಬನೇ ಬರೋದು, ಇಷ್ಟು ಗೊತ್ತಿದ್ದದ್ದು ಇಬ್ಬರಿಗೆ. ಮೇಸ್ತ್ರಿಯಂತೂ ಬರೀಲಿಲ್ಲ." ಅವಳ ದನಿಯಲ್ಲಿ ಕೋಪವಿರಲಿಲ್ಲ. "ನಿಮ್ಮನ್ನ ಮುಗಿಸಿಬಿಡೋಣ ಅಂದರು ನಾಲ್ಕು ಜನ. ಮೇಸ್ತ್ರಿ ಬೇಡ ಅಂದ. ಬಾಗಿಲ ಮೇಲಿರೋರು ನಿಮ್ಮ ಹಳೇ ಕಾವಲಿನವರು. ನಿಮ್ಮ ಮುಖ ಕಂಡರೆ ಒಂದು ಗಳಿಗೆ ಕೈ ತಡೆಯುತ್ತೆ. ಆ ಗಳಿಗೆ ನಮಗೆ ಸಾಕು."

"ತಡೆಯದೇ ಹೋದರೆ?"

ಮುದುಕಿ ಯೋಚಿಸಿದಳು. "ಆಗ ನೀವು ದೊಡ್ಡವರಾಗ್ತೀರಿ. ಮಕ್ಕಳಿಗೆ ನಿಮ್ಮ ಹೆಸರಿಡ್ತಾರೆ."

"ನನ್ನ ಕಾಗದ... ನಿಮ್ಮ ಕೈಗೆ ಹೇಗೆ?"

"ಎಲ್ಲರದೂ ಬಂದ ಹಾಗೇ. ಬಾವಿ ಮುಚ್ಚಿದ್ದು, ಅಣ್ಣನ್ನ ಹಿಡಿದಿದ್ದು, ಎಲ್ಲ ಬಂತಲ್ಲ. ಒಲೆಗೆ ಹಾಕಿ ಸುಡು ಅಂದಿದ್ದರು ಪಾರುಪತ್ಯಗಾರರು. ನನಗೆ ಓದೋಕೆ ಬರಲ್ಲ, ಬರೆದದ್ದನ್ನ ಸುಡೋಕೂ ಮನಸ್ಸು ಬರಲಿಲ್ಲ. ಮೇಸ್ತ್ರಿ ಹತ್ರ ಓದಿಸಿದೆ. ಈಗಿನವರು ವಾರಕ್ಕೊಮ್ಮೆ ಬೀಗ ತೆಗೆದು ಕೈ ಹಾಕ್ತಾರೆ. ಏನೂ ಸಿಗಲ್ಲ. ಊರು ಎಷ್ಟು ನಿಯತ್ತಾಗಿದೆ ಅಂತ ದಂಡಾಧಿಕಾರಿಗೆ ಸಂತೋಷ," ಎಂದು ಮುದುಕಿ ಅವನ ಹರಿದ ಅಂಗಿಯನ್ನು ಎದೆಯ ಮೇಲೆ ಸರಿಮಾಡಿದಳು. ಬಾಗಿಲ ಮೇಲೆ ಯಾರೋ ಕೋವಿ ಎತ್ತಿದರು, ಯಾರೋ ಇಳಿಸಿದರು. ದೊರೆ ನಡೆದ, ನಡೆಯದೆ ಗತಿಯಿರಲಿಲ್ಲ. ನಡೆಯುತ್ತ ಬಲಗಡೆ ಕೋಟೆಗೋಡೆಯಲ್ಲಿ ಆ ಹಿತ್ತಾಳೆ ಬಾಯಿ ಬಿಸಿಲಿಗೆ ಹೊಳೆಯುವುದು ಕಂಡಿತು. ಅದರ ನೇರ ಕೆಳಗೆ, ನೆಲದ ಮಟ್ಟದಲ್ಲಿ, ಬಚ್ಚಲ ಒಲೆಯ ಹೊಗೆಗಿಂಡಿ. ಇಪ್ಪತ್ತು ವರ್ಷದ ಹಿಂದೆ ಇನ್ನು ಮೇಲೆ ಇವು ನನ್ನ ಕಣ್ಣಿಗೆ ಬೀಳಕೂಡದು ಎಂದು ಅವನು ಹೇಳಿದ್ದ. ಒಳ್ಳೆಯ ಆಳು ಹೇಳಿದಷ್ಟನ್ನು ಮಾಡಿದ್ದ. ಹೇಗೆ ಮಾಡಿದೆ ಎಂದು ದೊರೆ ಒಂದು ದಿನವೂ ಕೇಳಿರಲಿಲ್ಲ. ಪೆಟ್ಟಿಗೆಗೆ ತಳವೇ ಇರಲಿಲ್ಲ.