ಗೊಂಬೆಯ ಅಳತೆ ರವಿಕೆ

೧೯೬೫ರಲ್ಲಿ ನಾನು ಬಿ.ಎ. ಮುಗಿಸಿ ಮೂಡುಬಿದಿರೆಯ ಮನೆಯಲ್ಲಿದ್ದೆ. ಅಣ್ಣ ಬೊಂಬಾಯಿಯಿಂದ ಮಗಳು ಸರಸಳಿಗೆ ಒಂದು ಪ್ಲಾಸ್ಟಿಕ್ ಗೊಂಬೆ ತಂದಿದ್ದ. ಗೇಣುದ್ದವಿದ್ದರೂ ಅದಕ್ಕೆ ತುಂಬಿದ ಹೆಂಗಸಿನ ಮೈಕಟ್ಟು. ಸರಸ ಅದನ್ನು ಮಗ್ಗುಲಲ್ಲಿಟ್ಟುಕೊಂಡೇ ಮಲಗುತ್ತಿದ್ದಳು.

ಹಳೆಯ ಪತ್ರಿಕೆಯನ್ನು ಅಂದಾಜಿನಲ್ಲಿ ಕತ್ತರಿಸಿ, ಆ ಅಳತೆಗೆ ಬಟ್ಟೆ ಕತ್ತರಿಸಿ ಗೊಂಬೆಗೊಂದು ರವಿಕೆ ಹೊಲಿದೆ. ತೊಡಿಸಿ ನೋಡುವಾಗ ಗುಂಡುಸೂಜಿ ಅದರ ಬೆನ್ನಿಗೆ ಚುಚ್ಚಿತು.

ವಾರ ಕಳೆದು ಸರಸ ಬಂದಳು. "ಅತ್ತೆ, ಅವಳಿಗೆ ಇನ್ನೊಂದು ರವಿಕೆ ಬೇಕಂತೆ."

"ಅಳತೆಗೆ ಹಳೆಯದನ್ನು ಕೊಡು," ಎಂದೆ, ನಮ್ಮ ದರ್ಜಿ ಹಸೈನಾರ್ ಹೇಳುವ ಹಾಗೆ.

ಅವಳು ಗೊಂಬೆಯ ಮೈಯಿಂದ ಬಿಚ್ಚಿ ಕೊಟ್ಟಳು. ರವಿಕೆ ಬೆಚ್ಚಗಿತ್ತು. ಕಂಕುಳಲ್ಲಿ ಒದ್ದೆಯಾದ ಹಳದಿ ಕಲೆ, ಬೆವರಿನ ಹುಳಿ ವಾಸನೆ. ಬೆನ್ನಿನಲ್ಲಿ ಸೂಜಿ ಚುಚ್ಚಿದ ಕಡೆ ಬಟ್ಟೆ ಒಣಗಿದ ಕೀವಿನಿಂದ ಗಡುಸಾಗಿತ್ತು.

ಮಗುವಿಗೇ ಗಾಯವಾಗಿರಬೇಕೆಂದು ಅವಳ ಬೆನ್ನು ನೋಡಿದೆ. ಒಂದು ಗೀರೂ ಇರಲಿಲ್ಲ.

"ಇನ್ನು ಅದರ ಒಟ್ಟಿಗೆ ಮಲಗುವುದು ಬೇಡ, ಪುಟ್ಟಿ."

"ಬಿಟ್ಟು ಎದ್ದರೆ ಅವಳು ಅಳ್ತಾಳೆ. ನಿಮಗೆ ಕೇಳುವುದಿಲ್ವಾ?"

ನನ್ನ ಗಾಬರಿ ಕಂಡು ಅತ್ತಿಗೆ ನಕ್ಕರು. "ಇಡೀ ದಿನ ಪುಸ್ತಕ ಹಿಡಿದು ಮೂಲೆಯಲ್ಲಿ ಕೂತರೆ ಹೀಗೇ ಆಗುವುದು ಮಾರಾಯ್ತಿ. ನಿನಗೊಬ್ಬ ಗಂಡನ್ನು ಹುಡುಕುವ."

ನಾನು ರವಿಕೆಯನ್ನು ಅವರ ಮೂಗಿನ ಹತ್ತಿರ ಹಿಡಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂಗಳಕ್ಕೆ ಓಡಿದರು.

ಅಂದೇ ಸಂಜೆ ಅಣ್ಣ ಗೊಂಬೆಯನ್ನೂ ರವಿಕೆಯನ್ನೂ ಬಚ್ಚಲಿನ ಒಲೆಗೆ ಹಾಕಿದ. ಅತ್ತಿಗೆ ಒಗೆದ ಹಾಸು ಹಾಸಿ ಸರಸಳನ್ನು ಒಬ್ಬಳನ್ನೇ ಮಲಗಿಸಿದರು.

ಬೆಳಿಗ್ಗೆ ಹಾಸಿನ ಮೇಲೆ, ಮಗುವಿನ ಮಗ್ಗುಲಲ್ಲಿ, ಯಾರೋ ಮಲಗಿದ್ದ ಹಾಗೆ ಬೆವರಿನ ಒದ್ದೆಯಿತ್ತು. ಅದು ನನ್ನಷ್ಟೇ ಉದ್ದವಿತ್ತು.